ಒಬ್ಬರಿಗೆ ಒಂದೇ ಪಾಸ್‌ವರ್ಡ್: ಲಿನಕ್ಸ್ ಸರ್ವರ್, ವಿಂಡೋಸ್ ಆಫೀಸು ಹೊಂದಿ ನಡೆಯಲು 12 ಸೂತ್ರಗಳು

ಮಹಾರಾಷ್ಟ್ರದ ಗಡಿಭಾಗದ ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರದ ಪತಸಂಸ್ಥೆ, ಬೇಳೆ ಮಿಲ್ಲು, ಶಾಲೆ, ದವಾಖಾನೆಗಳ ಆಫೀಸುಗಳಿಗಾಗಿ ಈ ಬರಹ. ನಿಮ್ಮಲ್ಲಿ ಮೇಜಿನ ಮೇಲಿರುವುದು ವಿಂಡೋಸ್ ಕಂಪ್ಯೂಟರುಗಳು. ಲೆಕ್ಕ ಟ್ಯಾಲಿಯಲ್ಲಿ, ಪತ್ರಗಳು ವರ್ಡ್‌ನಲ್ಲಿ. ಎಲ್ಲ ಫೈಲುಗಳನ್ನೂ ಒಂದೆಡೆ ಇಡಲು ಸರ್ವರ್ ಬೇಕೆನಿಸಿದಾಗ ಲೈಸೆನ್ಸಿನ ಖರ್ಚು ಉಳಿಯಲೆಂದು ಲಿನಕ್ಸ್ ಹಾಕಿಸುತ್ತೀರಿ. ನಿರ್ಧಾರ ಒಳ್ಳೆಯದೇ. ಮರುದಿನ ಬೆಳಿಗ್ಗೆ ಗುಮಾಸ್ತರು ಫೋಲ್ಡರ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ಸರಿಯಾದದ್ದನ್ನೇ ಹಾಕಿದರೂ ಒಳಗೆ ಬಿಡುವುದಿಲ್ಲ. ಆಗ ಯಾರೋ ಒಬ್ಬರು "ಎಲ್ಲರಿಗೂ ತೆರೆದಿಟ್ಟುಬಿಡೋಣ" ಎನ್ನುತ್ತಾರೆ. ಸಾಲಗಾರರ ಕಾಗದಪತ್ರ, ರೋಗಿಗಳ ವಿವರ, ಮಕ್ಕಳ ದಾಖಲೆ ಯಾರು ಬೇಕಾದರೂ ನೋಡುವಂತಾಗುವುದು ಅಲ್ಲಿಂದಲೇ.

ದೋಷ ಲಿನಕ್ಸ್‌ನದೂ ಅಲ್ಲ, ವಿಂಡೋಸ್‌ನದೂ ಅಲ್ಲ. "ನೀನು ಯಾರು?" ಎಂಬ ಪ್ರಶ್ನೆಗೆ ಎರಡೂ ಕಡೆ ಒಂದೇ ಉತ್ತರ ಸಿಗುವಂತೆ ನಾವು ಏರ್ಪಾಡು ಮಾಡಿರುವುದಿಲ್ಲ. ಆ ಏರ್ಪಾಡಿಗೆ ಬೇಕಾದ ಹನ್ನೆರಡು ಸೂತ್ರಗಳು ಇಲ್ಲಿವೆ.

1. ಯೂಸರ್ ಪಟ್ಟಿ ಒಂದೇ ಕಡೆ ಇರಲಿ

ವಿಂಡೋಸ್‌ನಲ್ಲಿ ಒಂದು ಪಟ್ಟಿ, ಲಿನಕ್ಸ್‌ನಲ್ಲಿ ಇನ್ನೊಂದು ಪಟ್ಟಿ ಇದ್ದರೆ ಎರಡೂ ಹೆಚ್ಚು ದಿನ ಹೊಂದಿಕೊಂಡು ಹೋಗುವುದಿಲ್ಲ. ಒಂದರಲ್ಲಿ ಪಾಸ್‌ವರ್ಡ್ ಬದಲಾಗುತ್ತದೆ, ಇನ್ನೊಂದರಲ್ಲಿ ಹಳೆಯದೇ ಉಳಿಯುತ್ತದೆ. ಆಫೀಸಿನಲ್ಲಿ ಈಗಾಗಲೇ ಯೂಸರುಗಳ ಪಟ್ಟಿ ಇಟ್ಟು ಗುರುತು ಪರೀಕ್ಷಿಸುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಇದ್ದರೆ ಅದನ್ನೇ ಮೂಲ ಪಟ್ಟಿಯಾಗಿ ಇಟ್ಟುಕೊಳ್ಳಿ. ಲಿನಕ್ಸ್ ಫೈಲ್ ಸರ್ವರ್ ಆ ಪಟ್ಟಿಯನ್ನು ನಂಬುವ ಕಂಪ್ಯೂಟರುಗಳ ಕೂಟದ, ಅಂದರೆ ಡೊಮೇನಿನ, ಸದಸ್ಯನಾಗಿ ಸೇರಲಿ, ಬಂದವರು ಯಾರೆಂಬುದನ್ನು ಡೊಮೇನಿನ ಮಾತಿನಂತೆ ನಂಬಲಿ, ತನ್ನದೇ ಪಟ್ಟಿ ಇಟ್ಟುಕೊಳ್ಳದಿರಲಿ. ಆಕ್ಟಿವ್ ಡೈರೆಕ್ಟರಿ ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್‌ಗೆ ಫೈಲು ಹಂಚುವ ಸಾಂಬಾ ತಂತ್ರಾಂಶವೇ ಡೊಮೇನ್ ಕಂಟ್ರೋಲರ್ (ಡೊಮೇನನ್ನು ನಡೆಸುವ ಸರ್ವರ್) ಆಗಿ ಆ ಕೆಲಸ ಮಾಡಬಲ್ಲದು, ಅದಕ್ಕೆ ಲೈಸೆನ್ಸ್ ಹಣ ಕಟ್ಟಬೇಕಿಲ್ಲ. ಆದರೆ ಡೊಮೇನ್ ಕಂಟ್ರೋಲರನ್ನೂ ಫೈಲುಗಳನ್ನೂ ಒಂದೇ ಯಂತ್ರದಲ್ಲಿ ತುಂಬಬೇಡಿ. ಎರಡನ್ನೂ ಬೇರೆಬೇರೆ ಇಡಿ ಎಂದು ಸಾಂಬಾ ತಂಡವೇ ಹೇಳುತ್ತದೆ.

2. ಸಾಂಬಾವನ್ನು ನಂಬಿ, ಅದರ ಹಿಂದೆ ಮೂರು ದಶಕದ ದುಡಿಮೆ ಇದೆ

"ಪುಕ್ಕಟೆ ಸಿಗುವುದು ಎಷ್ಟು ದಿನ ಬಾಳಿಕೆ ಬಂದೀತು?" ಎಂದು ಆಡಳಿತ ಮಂಡಳಿಯವರು ಕೇಳಿದರೆ ಈ ಚರಿತ್ರೆ ಹೇಳಿ. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ವಿದ್ಯಾರ್ಥಿ ತಂತಿಯಲ್ಲಿ ಹರಿಯುವ ಮಾಹಿತಿಯನ್ನು ಗಮನಿಸಿ, ಕಂಪ್ಯೂಟರುಗಳು ಫೈಲು ಹಂಚಿಕೊಳ್ಳುವ ರೀತಿಯನ್ನು ತಾವೇ ಅರಿತು ಮೊದಲ ಪ್ರೋಗ್ರಾಂ ಬರೆದರು. ಅದೇ ಮುಂದೆ ಸಾಂಬಾ ಆಯಿತು. 2004ರಲ್ಲಿ ಯುರೋಪಿಯನ್ ಆಯೋಗ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಬೇರೆಯವರ ಸರ್ವರುಗಳು ವಿಂಡೋಸ್ ಜೊತೆ ಹೊಂದಿ ಕೆಲಸ ಮಾಡಲು ಬೇಕಾದ ಮಾಹಿತಿ ಕೊಡಬೇಕೆಂದು ಆದೇಶಿಸಿತು. 2007ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ 10,000 ಯೂರೋ ಪಾವತಿಯ ಒಪ್ಪಂದದ ಮೂಲಕ ಆ ದಾಖಲೆಗಳು ಸಾಂಬಾ ತಂಡದ ಕೈಸೇರಿದವು. 2012ರ ಡಿಸೆಂಬರ್ 11ರಂದು ಬಂದ ಸಾಂಬಾ 4.0 ಆಕ್ಟಿವ್ ಡೈರೆಕ್ಟರಿಯ ಕೆಲಸವನ್ನೇ ಮಾಡತೊಡಗಿತು. ಇದು ಹವ್ಯಾಸಿಗಳ ಆಟಿಕೆಯಲ್ಲ. ನಮ್ಮ ಕೇಂದ್ರ ಸರ್ಕಾರವೂ 2015ರಲ್ಲಿ ಸರ್ಕಾರಿ ಕಚೇರಿಗಳಿಗೆ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿದೆ.

3. ಕಂಪ್ಯೂಟರ್ ಕೊಳ್ಳುವ ಮೊದಲು ವಿಂಡೋಸ್ ಎಡಿಷನ್ ನೋಡಿ

ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ವಿಂಡೋಸ್ ಹೋಮ್. ಅದು ಡೊಮೇನಿಗೆ ಸೇರುವುದೇ ಇಲ್ಲ. ಆಫೀಸಿಗೆ ಪ್ರೊ ಎಡಿಷನ್ ಬೇಕು. ಕೊಟೇಶನ್ ತರಿಸುವಾಗಲೇ ಈ ಒಂದು ಪದ ಬರೆಸಿ. ಆಮೇಲೆ ಒಂದೊಂದು ಯಂತ್ರಕ್ಕೂ ಅಪ್‌ಗ್ರೇಡ್ ಹಣ ಕಟ್ಟುವುದು ತಪ್ಪುತ್ತದೆ.

4. ಗಡಿಯಾರ ಸರಿಯಿಡಿ

ಈ ಹನ್ನೆರಡರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಡೊಮೇನಿನಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆಯ ಹೆಸರು ಕರ್ಬೆರೋಸ್. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಇದನ್ನು ಮೈಕ್ರೋಸಾಫ್ಟ್ 2000ದಲ್ಲಿ ತನ್ನ ಆಕ್ಟಿವ್ ಡೈರೆಕ್ಟರಿಗೆ ಅಳವಡಿಸಿಕೊಂಡಿತು. ಕರ್ಬೆರೋಸ್ ಕೊಡುವ ಪ್ರತಿ ಟಿಕೆಟ್ಟಿನಲ್ಲೂ, ಅಂದರೆ ಪ್ರವೇಶದ ಚೀಟಿಯಲ್ಲೂ, ವೇಳೆ ನಮೂದಾಗಿರುತ್ತದೆ. ಎರಡು ಯಂತ್ರಗಳ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ, ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಟಿಕೆಟ್ ನಡೆಯುವುದಿಲ್ಲ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಈ ತೊಂದರೆ ಹೆಚ್ಚು. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ನಂಬರು ಸಿಆರ್2032. ಅದು ಸತ್ತಿದ್ದರೆ ಕರೆಂಟ್ ಬಂದಾಗ ಯಂತ್ರ ಯಾವುದೋ ಹಳೆಯ ವರ್ಷದ ತಾರೀಖು ಹಿಡಿದು ಏಳುತ್ತದೆ. ಇನ್ನೊಂದು ಕಾರಣವೂ ಉಂಟು. ವಿಂಡೋಸ್ ತನ್ನ ಯಂತ್ರದ ಗಡಿಯಾರದಲ್ಲಿ ಭಾರತೀಯ ವೇಳೆಯನ್ನೇ ಇಡುತ್ತದೆ, ಲಿನಕ್ಸ್ ಅದನ್ನು ಜಾಗತಿಕ ವೇಳೆ ಎಂದು ಓದುತ್ತದೆ. ಹಳೆಯ ವಿಂಡೋಸ್ ಕಂಪ್ಯೂಟರಿಗೆ ಲಿನಕ್ಸ್ ಹಾಕಿದಾಗ ಮೊದಲಿಗೆ ಐದೂವರೆ ತಾಸಿನ ವ್ಯತ್ಯಾಸ ಕಾಣುವುದು ಇದರಿಂದ.

ಪರಿಹಾರ ಸರಳ. ಡೊಮೇನ್ ಕಂಟ್ರೋಲರ್ ತನ್ನ ವೇಳೆಯನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿನಿಂದ ಪಡೆಯಲಿ. ಉಳಿದ ಯಂತ್ರಗಳೆಲ್ಲ ಡೊಮೇನ್ ಕಂಟ್ರೋಲರಿನಿಂದ ಪಡೆಯಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವೂ ಇದನ್ನೇ ಹೇಳುತ್ತದೆ. ಅದರ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಅನಾಹುತವಾದರೆ 6 ತಾಸಿನೊಳಗೆ ವರದಿ ಮಾಡಬೇಕು. ಗಡಿಯಾರವೇ ತಪ್ಪಿದ್ದರೆ ಆ ಲಾಗ್‌ನಿಂದ ಏನೂ ತಿಳಿಯುವುದಿಲ್ಲ. ಯುಪಿಎಸ್ ಜೊತೆಗೆ ಆ ಸಣ್ಣ ಬ್ಯಾಟರಿಯನ್ನೂ ತಂದಿಡಿ.

5. ಸರ್ವರನ್ನು ಹೆಸರಿನಿಂದ ಕರೆಯಿರಿ, ಐಪಿ ನಂಬರಿನಿಂದಲ್ಲ

ಬೆಳಿಗ್ಗೆ ಲಾಗಿನ್ ಆದಾಗ ಡೊಮೇನ್ ಕಂಟ್ರೋಲರ್ ಗುಮಾಸ್ತರ ಕಂಪ್ಯೂಟರಿಗೆ ಒಂದು ಮೂಲ ಟಿಕೆಟ್ ಕೊಡುತ್ತದೆ. ಸಾಮಾನ್ಯವಾಗಿ ಅದು 10 ತಾಸು ನಡೆಯುತ್ತದೆ. ಫೈಲ್ ಸರ್ವರಿಗೆ ಹೋಗುವಾಗ ಅದನ್ನು ತೋರಿಸಿ ಆ ಸರ್ವರಿನ ಹೆಸರಿಗೇ ಬರೆದ ಇನ್ನೊಂದು ಟಿಕೆಟ್ ಪಡೆಯಲಾಗುತ್ತದೆ. ಎಸ್‌ಟಿ ಬಸ್ಸಿನಲ್ಲಿ ತಿಂಗಳ ಪಾಸು ತೋರಿಸಿದರೆ ಕಂಡಕ್ಟರ್ ಡಿಪೋಕ್ಕೆ ಫೋನ್ ಮಾಡುವುದಿಲ್ಲ, ಮುದ್ರೆ ನೋಡಿ ಮುಂದೆ ಹೋಗುತ್ತಾನೆ. ಹಾಗೆಯೇ ಸರ್ವರ್ ತನ್ನ ಬಳಿ ಇರುವ ಕೀಲಿಯಿಂದ ಟಿಕೆಟ್ ಪರೀಕ್ಷಿಸುತ್ತದೆ. ಪಾಸ್‌ವರ್ಡ್ ತಂತಿಯಲ್ಲಿ ಓಡಾಡುವುದೇ ಇಲ್ಲ.

ಟಿಕೆಟ್ ಇರುವುದು ಹೆಸರಿಗೆ. ನೀವು 192.168 ಎಂದು ಶುರುವಾಗುವ ನಂಬರು ಹಾಕಿ ಫೋಲ್ಡರ್ ತೆರೆದರೆ ಆ ನಂಬರಿನ ಹೆಸರಿನಲ್ಲಿ ಟಿಕೆಟ್ ಸಿಗುವುದಿಲ್ಲ. ವಿಂಡೋಸ್ ಸದ್ದಿಲ್ಲದೆ ಎನ್‌ಟಿಎಲ್‌ಎಂ ಎಂಬ ಹಳೆಯ, ದುರ್ಬಲ ವಿಧಾನಕ್ಕೆ ಇಳಿಯುತ್ತದೆ. ಅದನ್ನು ಕ್ರಮೇಣ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿದೆ. ಇಂದು ನಂಬರಿನಿಂದ ತೆರೆಯುವ ಶಾರ್ಟ್‌ಕಟ್ ನಾಳೆ ತೆರೆಯದಿರಬಹುದು. ಎಲ್ಲ ಶಾರ್ಟ್‌ಕಟ್‌ಗಳನ್ನೂ ಈಗಲೇ ಹೆಸರಿಗೆ ಬದಲಿಸಿ.

6. ಡಿಎನ್‌ಎಸ್ ಒಳಗಿನದೇ ಇರಲಿ

ಹೆಸರಿನಿಂದ ಕರೆಯಬೇಕಾದರೆ ಹೆಸರು ಹೇಳುವವರು ಬೇಕು. ಆ ಕೆಲಸ ಡಿಎನ್‌ಎಸ್‌ನದು. ಕಂಪ್ಯೂಟರುಗಳೂ ಲಿನಕ್ಸ್ ಸರ್ವರೂ ಡೊಮೇನ್ ಕಂಟ್ರೋಲರನ್ನೇ ಡಿಎನ್‌ಎಸ್ ಆಗಿ ಬಳಸಬೇಕು. ಇಂಟರ್ನೆಟ್ ಕಂಪನಿಯ ರೂಟರಾಗಲಿ ಗೂಗಲ್‌ನ 8.8.8.8 ಆಗಲಿ ನಿಮ್ಮ ಆಫೀಸಿನ ಡೊಮೇನನ್ನು ಅರಿಯವು. "ಎರಡನೆಯ ಡಿಎನ್‌ಎಸ್" ಎಂಬ ಖಾನೆಯಲ್ಲಿಯೂ ಹೊರಗಿನದನ್ನು ಹಾಕಬೇಡಿ. ಹಾಕಿದರೆ ಒಮ್ಮೆ ತೆರೆದು ಒಮ್ಮೆ ತೆರೆಯದ, ಕಾರಣವೇ ತಿಳಿಯದ ಕಾಯಿಲೆ ಅಂಟಿಕೊಳ್ಳುತ್ತದೆ. ಹೊರಗಿನ ಹೆಸರು ಕೇಳಿದಾಗ ಡೊಮೇನ್ ಕಂಟ್ರೋಲರೇ ಹೊರಗೆ ವಿಚಾರಿಸಿ ಹೇಳಲಿ. ಹೀಗೆ ಮಾಡಿದರೆ ಇಂಟರ್ನೆಟ್ ಹೋದ ದಿನವೂ ಒಳಗಿನ ಫೈಲುಗಳು ತೆರೆಯುತ್ತವೆ.

7. ಯೂಸರ್ ಹೆಸರಿಗೆ ಒಂದು ನಿಯಮ ಮಾಡಿ

ಈ ಗಡಿಭಾಗದಲ್ಲಿ ಒಂದೇ ಮನೆತನದ ಹೆಸರನ್ನು ಒಬ್ಬರು ಬಿರಾದಾರ ಎಂದೂ ಇನ್ನೊಬ್ಬರು ಬಿರಾಜದಾರ ಎಂದೂ ಬರೆಯುತ್ತಾರೆ. ಪಾಟೀಲರಂತೂ ಪ್ರತಿ ಆಫೀಸಿನಲ್ಲೂ ಇಬ್ಬರು ಮೂವರು ಇರುತ್ತಾರೆ. ಒಬ್ಬರದೇ ಹೆಸರು ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಸಂಬಳದ ಪಟ್ಟಿಯಲ್ಲಿ ಇನ್ನೊಂದು. ಮೇಲಾಗಿ ಆಕ್ಟಿವ್ ಡೈರೆಕ್ಟರಿಯಲ್ಲಿ ಲಾಗಿನ್ ಹೆಸರಿಗೆ 20 ಅಕ್ಷರಗಳ ಮಿತಿ. ಮಲ್ಲಿಕಾರ್ಜುನಸ್ವಾಮಿ ಎಂಬುದೇ ಇಂಗ್ಲಿಷ್ ಲಿಪಿಯಲ್ಲಿ 17 ಅಕ್ಷರ. ಒಂದು ಚುಕ್ಕಿ, ಪಾಟೀಲ ಸೇರಿದರೆ 23.

ಅದಕ್ಕೇ ಲಾಗಿನ್ ಹೆಸರಿಗೆ ನೌಕರರ ಸಂಖ್ಯೆಯನ್ನೋ, ಹೆಸರಿನ ಮೊದಲಕ್ಷರ ಮತ್ತು ಸಂಖ್ಯೆಯನ್ನೋ ಬಳಸಿ. ಇಂಗ್ಲಿಷ್ ಸಣ್ಣಕ್ಷರ ಮತ್ತು ಅಂಕಿ ಸಾಕು. ನಡುವೆ ಖಾಲಿ ಜಾಗ ಬೇಡ. ಪೂರ್ತಿ ಹೆಸರನ್ನು ಅದಕ್ಕೆಂದೇ ಇರುವ ಖಾನೆಯಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಚೆನ್ನಾಗಿ ಬರೆಯಿರಿ. ಫೈಲುಗಳ ಹೆಸರೂ ಧಾರಾಳವಾಗಿ ಕನ್ನಡದಲ್ಲಿರಲಿ. ಮಿತಿ ಮಾತ್ರ ತಿಳಿದಿರಲಿ: ಲಿನಕ್ಸ್‌ನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಕನ್ನಡದ ಪ್ರತಿ ವರ್ಣಕ್ಕೂ, ಪ್ರತಿ ಒತ್ತು ಗುಣಿತದ ಚಿಹ್ನೆಗೂ 3 ಬೈಟ್ ಬೇಕು. ಎಲ್ಲ ಸೇರಿ 85ರೊಳಗೆ ಮುಗಿಯಬೇಕು. ಸಾಲುಗಟ್ಟಲೆ ಉದ್ದದ ಹೆಸರುಗಳು ವಿಂಡೋಸ್‌ನಲ್ಲಿ ನಡೆದರೂ ಸರ್ವರಿಗೆ ಕಾಪಿ ಆಗುವುದಿಲ್ಲ.

8. ಗುರುತಿನ ಸಂಖ್ಯೆ ಎಲ್ಲ ಸರ್ವರಿನಲ್ಲೂ ಒಂದೇ ಇರಲಿ

ವಿಂಡೋಸ್ ಪ್ರತಿಯೊಬ್ಬರಿಗೂ ಎಸ್‌ಐಡಿ ಎಂಬ ಉದ್ದನೆಯ ಗುರುತು ಕೊಡುತ್ತದೆ. ಲಿನಕ್ಸ್‌ಗೆ ಅರ್ಥವಾಗುವುದು ಸಣ್ಣದೊಂದು ಅಂಕಿ. ಒಂದನ್ನು ಇನ್ನೊಂದಕ್ಕೆ ಹೊಂದಿಸುವುದು ಸಾಂಬಾದ ವಿನ್‌ಬೈಂಡ್. ಈ ಹೊಂದಾಣಿಕೆಗೆ ಹಲವು ವಿಧಾನಗಳಿವೆ. ಟಿಡಿಬಿ ವಿಧಾನದಲ್ಲಿ ಬಂದವರಿಗೆ ಬಂದ ಸರದಿಯಂತೆ ಅಂಕಿ ಸಿಗುತ್ತದೆ. ಒಂದು ಸರ್ವರಿನಲ್ಲಿ ಕ್ಯಾಶಿಯರಿಗೆ ಸಿಕ್ಕ ಅಂಕಿ ಇನ್ನೊಂದು ಸರ್ವರಿನಲ್ಲಿ ಸಿಪಾಯಿಗೆ ಸಿಕ್ಕಿರಬಹುದು. ಡಿಸ್ಕ್ ಕಳಚಿ ಆ ಕಡೆ ಹಾಕಿದ ದಿನ ಕ್ಯಾಶಿಯರ ಫೈಲುಗಳಿಗೆ ಸಿಪಾಯಿ ಒಡೆಯನಾಗುತ್ತಾನೆ.

ಸಣ್ಣ ಆಫೀಸಿಗೆ ಆರ್‌ಐಡಿ ವಿಧಾನ ಒಳ್ಳೆಯದು. ಅಲ್ಲಿ ಅಂಕಿ ಲೆಕ್ಕದಿಂದ ಬರುತ್ತದೆ. ಎಸ್‌ಐಡಿಯ ಕೊನೆಯ ತುಂಡು 1105 ಆಗಿದ್ದು, ನೀವು ಡೊಮೇನಿಗೆ ಕೊಟ್ಟ ವ್ಯಾಪ್ತಿ 100000ದಿಂದ ಶುರುವಾದರೆ ಆ ವ್ಯಕ್ತಿಯ ಅಂಕಿ 101105. ಎಲ್ಲ ಸರ್ವರಿನಲ್ಲೂ ಅದೇ ವ್ಯಾಪ್ತಿ ಬರೆದಿದ್ದರೆ ಎಲ್ಲೆಡೆ ಅದೇ ಅಂಕಿ. ಎರಡು ಎಚ್ಚರ: ಡೊಮೇನಿನ ವ್ಯಾಪ್ತಿಯೂ ಇತರರಿಗೆಂದು ಬಿಟ್ಟ ವ್ಯಾಪ್ತಿಯೂ ಒಂದರ ಮೇಲೊಂದು ಬೀಳಬಾರದು. ಕೆಲಸ ಶುರುವಾದ ಮೇಲೆ ವ್ಯಾಪ್ತಿ ಬದಲಿಸಬಾರದು, ಬದಲಿಸಿದರೆ ಹಳೆಯ ಫೈಲುಗಳ ಒಡೆತನವೆಲ್ಲ ಕಳಚಿಹೋಗುತ್ತದೆ.

9. ಅನುಮತಿ ಗುಂಪಿಗೆ ಕೊಡಿ, ಹೋದವರ ಖಾತೆ ಅಂದೇ ನಿಲ್ಲಿಸಿ

"ಸಾಲ ವಿಭಾಗ", "ಲೆಕ್ಕ ವಿಭಾಗ", "ಸಂಚಾಲಕರು" ಎಂದು ಗುಂಪುಗಳನ್ನು ಮಾಡಿ. ಫೋಲ್ಡರಿನ ಅನುಮತಿ ಗುಂಪಿಗೆ, ಜನ ಗುಂಪಿನೊಳಗೆ. ವರ್ಗಾವಣೆಯಾದರೆ ಗುಂಪು ಬದಲಿಸಿದರೆ ಸಾಕು. ಕೆಲಸ ಬಿಟ್ಟವರ ಖಾತೆಯನ್ನು ಅಂದು ಸಂಜೆಯೇ ನಿಷ್ಕ್ರಿಯಗೊಳಿಸಿ. ಅಳಿಸುವ ಅವಸರ ಬೇಡ, ಅಳಿಸಿದರೆ ಅವರ ಫೈಲುಗಳ ಮೇಲೆ ಹೆಸರಿನ ಬದಲು ಬರೀ ಅಂಕಿಗಳು ಕಾಣುತ್ತವೆ. ಮುಖ್ಯವಾಗಿ, ಇಡೀ ಆಫೀಸಿಗೆ ಒಂದೇ ಖಾತೆ ಎಂಬ ರೂಢಿ ಬಿಡಿ. ಫೈಲು ಅಳಿಸಿದ್ದು ಯಾರೆಂದು ಗೊತ್ತಾಗದಿದ್ದರೆ ತಪ್ಪಿಲ್ಲದ ನೌಕರನ ಮೇಲೂ ಸಂಶಯ ಬರುತ್ತದೆ. ಪ್ರತ್ಯೇಕ ಖಾತೆ ಪ್ರಾಮಾಣಿಕರಿಗೆ ರಕ್ಷಣೆ.

10. ಹಳೆಯ ಬಾಗಿಲುಗಳನ್ನು ಮುಚ್ಚಿ

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆ ಹಿಡಿದದ್ದು ಎಸ್‌ಎಂಬಿ1 ಎಂಬ ಫೈಲು ಹಂಚಿಕೆಯ ಹಳೆಯ ವಿಧಾನದಲ್ಲಿದ್ದ ಬಿರುಕಿನಿಂದ. ಅದೇ ತಿಂಗಳು ಸಾಂಬಾದಲ್ಲೂ 3.5ರಿಂದ ಮುಂದಿನ ಆವೃತ್ತಿಗಳಲ್ಲಿದ್ದ ಗಂಭೀರ ದೋಷವೊಂದು ಬಯಲಾಗಿ ತಿದ್ದುಪಡಿ ಬಂತು. ಮುಕ್ತ ತಂತ್ರಾಂಶವೂ ಅಪ್‌ಡೇಟ್ ಬೇಡುತ್ತದೆ, ತಿಂಗಳಿಗೊಮ್ಮೆ ತಪ್ಪದೆ ಹಾಕಿ. 2019ರ ಸಾಂಬಾ 4.11ರಿಂದ ಎಸ್‌ಎಂಬಿ1 ತಾನಾಗಿಯೇ ಮುಚ್ಚಿರುತ್ತದೆ. ಹಳೆಯ ಸ್ಕ್ಯಾನರ್ ಫೋಲ್ಡರಿಗೆ ಕಳಿಸುತ್ತಿಲ್ಲವೆಂದು ಇಡೀ ಸರ್ವರಿನಲ್ಲಿ ಅದನ್ನು ಮತ್ತೆ ತೆರೆಯಬೇಡಿ. ಸ್ಕ್ಯಾನರಿನಿಂದ ಪೆನ್‌ಡ್ರೈವಿಗೋ ಇಮೇಲಿಗೋ ಕಳಿಸಿದರಾಯಿತು.

ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವೂ ಇನ್ನು ಸಾಗದು. 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಪ್ರೊ ಎಡಿಷನ್ ಗೆಸ್ಟ್ ಆಗಿ ಒಳಹೋಗಲು ಒಪ್ಪುವುದಿಲ್ಲ, ಪ್ರತಿ ಸಂಪರ್ಕಕ್ಕೂ ಡಿಜಿಟಲ್ ಸಹಿ ಕೇಳುತ್ತದೆ. ಅಪ್‌ಡೇಟ್ ಆದ ಮರುದಿನ ಫೋಲ್ಡರ್ ತೆರೆಯದಿದ್ದರೆ ಮೊದಲು ಇದನ್ನು ನೋಡಿ. ವಿಂಡೋಸ್‌ನ ಭದ್ರತೆ ಸಡಿಲಿಸುವುದು ಉತ್ತರವಲ್ಲ, ಸರ್ವರಿನಲ್ಲಿ ಖಾತೆ ಕೊಡುವುದೇ ಉತ್ತರ.

ಶಾಖೆಗಳ ಮಾತೂ ಇಲ್ಲಿ ಬರುತ್ತದೆ. 1956ರ ನವೆಂಬರ್ 1ರ ಮೊದಲು ನಿಲಂಗಾ, ಉದಗೀರ ಬೀದರ್ ಜಿಲ್ಲೆಯಲ್ಲೇ ಇದ್ದವು. ಆಮೇಲೆ ರಾಜ್ಯಗಳು ಬೇರೆಯಾದರೂ ವ್ಯಾಪಾರ ಒಂದೇ. ಹಾಗಾಗಿ ಕರ್ನಾಟಕದ ಬಸವಕಲ್ಯಾಣದಲ್ಲೋ ಆಳಂದದಲ್ಲೋ ಇನ್ನೊಂದು ಶಾಖೆ ಇರುವುದು ಸಹಜ. ಆ ಶಾಖೆಗೆ ಫೈಲು ಕಾಣಲೆಂದು ಸರ್ವರಿನಲ್ಲಿ ಫೈಲು ಹಂಚಿಕೆಗಿರುವ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಲೇಬೇಡಿ. ವೈರ್‌ಗಾರ್ಡ್‌ನಂಥ ಉಚಿತ ವಿಪಿಎನ್ ಹಾಕಿ ಅದರೊಳಗಿಂದಲೇ ಬರಲಿ.

11. ಪರೀಕ್ಷೆ ಬುಡದಿಂದ ಮೇಲಕ್ಕೆ ಸಾಗಲಿ

ಲಾಗಿನ್ ಆಗದಿದ್ದಾಗ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ ಬದಲಿಸಿದರೆ ರೋಗವೂ ತಿಳಿಯುವುದಿಲ್ಲ, ಮದ್ದೂ ತಿಳಿಯುವುದಿಲ್ಲ. ಈ ಕ್ರಮ ಹಿಡಿಯಿರಿ. ಡೊಮೇನ್ ಕಂಟ್ರೋಲರಿನ ಹೆಸರು ಸಿಗುತ್ತದೆಯೇ? ಗಡಿಯಾರ ಸರಿಯಿದೆಯೇ? ಕೆಇನಿಟ್ ಆದೇಶದಿಂದ ಟಿಕೆಟ್ ಬರುತ್ತದೆಯೇ? ನೆಟ್ ಆಡ್ಸ್ ಜಾಯಿನ್ ಯಶಸ್ವಿಯಾಯಿತೇ? ಡೊಮೇನ್ ಜೊತೆಗಿನ ನಂಬಿಕೆಯನ್ನು ವಿನ್‌ಬೈಂಡ್ ಖಚಿತಪಡಿಸುತ್ತದೆಯೇ? ಯೂಸರಿನ ಅಂಕಿ ಕಾಣುತ್ತದೆಯೇ? ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ ತಪ್ಪಿಲ್ಲವೆಂದು ಟೆಸ್ಟ್‌ಪಾರ್ಮ್ ಹೇಳುತ್ತದೆಯೇ? ಇಷ್ಟೂ ಸರಿಯಿದ್ದ ಮೇಲೆ ಮಾತ್ರ ವಿಂಡೋಸ್ ಕಂಪ್ಯೂಟರಿನ ಮುಂದೆ ಕೂರಿ. ಎಲ್ಲಿ "ಇಲ್ಲ" ಎಂಬ ಉತ್ತರ ಬರುತ್ತದೆಯೋ ದೋಷ ಅಲ್ಲಿದೆ, ಅದಕ್ಕಿಂತ ಮೇಲಿನದನ್ನು ಮುಟ್ಟಬೇಡಿ.

ಸರ್ವರ್ ಸರಿಯಿದ್ದೂ ಒಂದೇ ಕಂಪ್ಯೂಟರಿನಲ್ಲಿ ತೊಂದರೆಯಿದ್ದರೆ ವಿಂಡೋಸ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಹಳೆಯ ಪಾಸ್‌ವರ್ಡ್ ಕೂತಿರುತ್ತದೆ, ಅಳಿಸಿ. 1219 ಎಂಬ ಎರರ್ ಬಂದರೆ ಆ ಕಂಪ್ಯೂಟರಿನಿಂದ ಅದೇ ಸರ್ವರಿಗೆ ಬೇರೆ ಯೂಸರ್ ಹೆಸರಿನ ಸಂಪರ್ಕ ಈಗಾಗಲೇ ಇದೆ ಎಂದರ್ಥ. ವಿಂಡೋಸ್ ಎರಡು ಹೆಸರನ್ನು ಒಟ್ಟಿಗೆ ಒಪ್ಪುವುದಿಲ್ಲ. ಹಳೆಯ ಸಂಪರ್ಕ ಕಡಿದು, ಲಾಗ್ ಆಫ್ ಮಾಡಿ ಬನ್ನಿ.

12. ಫೈಲಿನ ಜೊತೆಗೆ ಗುರುತನ್ನೂ ಬ್ಯಾಕಪ್ ಮಾಡಿ

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ಈ ಭಾಗದವರಿಗೆ ನೆನಪಿಸಬೇಕಿಲ್ಲ. ಇಂದಿನ ಲೋಹಾರಾ ತಾಲೂಕಿನ ಸಾಸ್ತೂರೂ ಅಂದು ಕುಸಿಯಿತು. ಇರುವ ಒಂದೇ ಬ್ಯಾಕಪ್ ಅದೇ ಕಟ್ಟಡದಲ್ಲಿದ್ದರೆ ಅದು ಬ್ಯಾಕಪ್ಪೇ ಅಲ್ಲ. ಒಂದು ಪ್ರತಿ ಬೇರೆ ಊರಿನಲ್ಲಿರಲಿ.

ಬರೀ ಫೈಲುಗಳನ್ನು ಉಳಿಸಿದರೆ ಅರ್ಧ ಕೆಲಸ. ಯಾವ ಫೋಲ್ಡರಿಗೆ ಯಾರ ಅನುಮತಿ ಎಂಬ ವಿವರವೂ ಜೊತೆಗೆ ಹೋಗುವಂತೆ ಬ್ಯಾಕಪ್ ತಂತ್ರಾಂಶವನ್ನು ಹೊಂದಿಸಿ. ಸಾಂಬಾದ ಸೆಟ್ಟಿಂಗ್ ಫೈಲು ಮತ್ತು ಗುಟ್ಟಿನ ಕೀಲಿಗಳಿರುವ ಫೋಲ್ಡರನ್ನೂ ಸೇರಿಸಿ. ಸಾಂಬಾವೇ ಡೊಮೇನ್ ಕಂಟ್ರೋಲರ್ ಆಗಿದ್ದರೆ 4.9ರಿಂದ ಅದರಲ್ಲೇ ಡೊಮೇನ್ ಬ್ಯಾಕಪ್ ಆದೇಶ ಇದೆ, ಅದನ್ನು ಬಳಸಿ. ಒಂದು ವಿಷಯ ನೆನಪಿರಲಿ: ಡೊಮೇನ್ ಸೇರಿದ ಸರ್ವರಿಗೂ ತನ್ನದೇ ಪಾಸ್‌ವರ್ಡ್ ಇರುತ್ತದೆ. ಸಾಂಬಾ ಅದನ್ನು ಸಾಮಾನ್ಯವಾಗಿ 7 ದಿನಕ್ಕೊಮ್ಮೆ ತಾನೇ ಬದಲಿಸುತ್ತದೆ. ತಿಂಗಳ ಹಿಂದಿನ ಪ್ರತಿಯಿಂದ ಸರ್ವರನ್ನು ಎಬ್ಬಿಸಿದರೆ ಹಳೆಯ ಪಾಸ್‌ವರ್ಡ್ ಹಿಡಿದು ಬರುವ ಅದನ್ನು ಡೊಮೇನ್ ಗುರುತಿಸುವುದಿಲ್ಲ. ಗಾಬರಿ ಬೇಡ, ಮತ್ತೊಮ್ಮೆ ಡೊಮೇನಿಗೆ ಸೇರಿಸಿದರೆ ಸರಿಹೋಗುತ್ತದೆ.

ಕೊನೆಯದಾಗಿ ಸಂಸ್ಥೆಯ ಅಧ್ಯಕ್ಷರಿಗೆ, ಮುಖ್ಯೋಪಾಧ್ಯಾಯರಿಗೆ, ಮಿಲ್ಲಿನ ಮಾಲೀಕರಿಗೆ ಒಂದು ವಿನಂತಿ. ಲೈಸೆನ್ಸಿನಲ್ಲಿ ಉಳಿಸಿದ ಹಣದಲ್ಲಿ ಒಂದು ಪಾಲನ್ನು ನಿಮ್ಮಲ್ಲೇ ಇರುವ ಒಬ್ಬ ಹುಡುಗನಿಗೋ ಹುಡುಗಿಗೋ ಈ ಕೆಲಸ ಕಲಿಸಲು ಖರ್ಚು ಮಾಡಿ. ಡೊಮೇನಿನ ಹೆಸರು, ಅಂಕಿಗಳ ವ್ಯಾಪ್ತಿ, ಗುಂಪುಗಳ ಪಟ್ಟಿ, ಬ್ಯಾಕಪ್ ಇರುವ ಜಾಗ ಇಷ್ಟನ್ನು ಕನ್ನಡದಲ್ಲೋ ಮರಾಠಿಯಲ್ಲೋ ಒಂದು ವಹಿಯಲ್ಲಿ ಬರೆಸಿ ಕಪಾಟಿನಲ್ಲಿಡಿ. ಆಡಳಿತ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಿ. ನಿಮ್ಮನ್ನು ನಂಬಿ ಕಾಗದಪತ್ರ ಕೊಟ್ಟ ರೈತ, ರೋಗಿ, ವಿದ್ಯಾರ್ಥಿಗೆ ಸರ್ವರ್ ಲಿನಕ್ಸೋ ವಿಂಡೋಸೋ ಎಂಬುದು ಬೇಕಿಲ್ಲ. ತಮ್ಮ ವಿವರ ಸಂಬಂಧಪಟ್ಟವರ ಕಣ್ಣಿಗೆ ಮಾತ್ರ ಬೀಳಬೇಕು, ಅಷ್ಟೇ. ಆ ಹೊಣೆ ನಿಮ್ಮದು. ಈ ವಾರವೇ ಗಡಿಯಾರ ನೋಡುವುದರಿಂದ ಕೆಲಸ ಶುರು ಮಾಡಿ.